ಕಳೆದುಹೋದ ಅಂಗಿಯಿಂದ ಶುರು ಮಾಡಿ: ಪತ್ತೇದಾರಿ ಕಥೆಯ ಹಿಂದಿನ ನಿಜ ಕೇಸು ಹುಡುಕುವುದು ಹೇಗೆ

ಇಂಗ್ಲೆಂಡಿನ ವಿಲ್ಕಿ ಕಾಲಿನ್ಸ್ ಬರೆದ ಪತ್ತೇದಾರಿ ಕಾದಂಬರಿ 'ದಿ ಮೂನ್‌ಸ್ಟೋನ್' ಶುರುವಾಗುವುದು ನಮ್ಮ ಶ್ರೀರಂಗಪಟ್ಟಣದಲ್ಲಿ. 1799ರ ಮೇ 4, ಕೋಟೆ ಬಿದ್ದ ದಿನ. ಇಂಗ್ಲಿಷ್ ಅಧಿಕಾರಿಯೊಬ್ಬ ಟಿಪ್ಪುವಿನ ಆಯುಧಶಾಲೆಯಲ್ಲಿ ರಕ್ತ ಹರಿಸಿ ಹಳದಿ ವಜ್ರವೊಂದನ್ನು ಲಪಟಾಯಿಸುತ್ತಾನೆ. ಆ ವಜ್ರ ಕಟ್ಟುಕಥೆ, ಆದರೆ ಆ ರಾತ್ರಿಯ ಲೂಟಿ ನಿಜ. ಹಾಗಾದರೆ ಉಳಿದದ್ದರಲ್ಲಿ ಎಷ್ಟು ನಿಜ ಅಂತ ಕೆದಕಬೇಕು ಅನಿಸುತ್ತದೆ ಅಲ್ವಾ? ಹೇಗೆ ಕೆದಕುವುದು ಅಂತ ಇದೇ ಪುಸ್ತಕ ಇಟ್ಟುಕೊಂಡು ಹೇಳುತ್ತೇನೆ. ಕಥೆಯ ಒಂದೆರಡು ಗುಟ್ಟು ಹೊರಬೀಳುತ್ತವೆ, ಓದಿಲ್ಲದಿದ್ದರೆ ಮೊದಲು ಓದಿ ಬನ್ನಿ. ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಜಾಲತಾಣದಲ್ಲಿ ಉಚಿತವಾಗಿಯೇ ಇದೆ.

ಮೊದಲು ಮುನ್ನುಡಿ ಓದಿ. ಜಾಸ್ತಿ ಜನ ಅದನ್ನು ಸುಮ್ನೆ ದಾಟಿಬಿಡುತ್ತಾರೆ. ರಷ್ಯಾದ ರಾಜದಂಡದಲ್ಲಿರುವ ವಜ್ರ ಮತ್ತು ಕೊಹಿನೂರ್, ಇವೆರಡರ ಕಥೆಗಳಿಂದ ತನ್ನ ವಜ್ರ ಹುಟ್ಟಿತು ಅಂತ ಕಾಲಿನ್ಸ್ ಅಲ್ಲೇ ಒಪ್ಪಿಕೊಂಡಿದ್ದಾರೆ. ಆದರೆ ಲೇಖಕರು ಎಲ್ಲವನ್ನೂ ಬಾಯಿಬಿಡುವುದಿಲ್ಲ. ಕಥೆಯ ಇನ್ನೊಂದು ಬೇರನ್ನು ನಾವೇ ಅಗೆಯಬೇಕು.

ಅದಕ್ಕೆ ಕಥೆಯ ಎಳೆ ಹಿಡಿದು ಹೋಗಬೇಡಿ, ವಸ್ತು ಹಿಡಿದು ಹೋಗಿ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯವಾದ ಮಾತು. ಲೇಖಕ ಕೊಲೆಯನ್ನು ಕಳ್ಳತನವಾಗಿಸಬಹುದು, ಊರು ಬದಲಿಸಬಹುದು, ಆದರೆ ಮನಸ್ಸಿಗೆ ಅಂಟಿಕೊಂಡ ಸಣ್ಣ ವಸ್ತುವನ್ನು ಬಿಡುವುದಿಲ್ಲ. ಇಲ್ಲಿ ಕಾದಂಬರಿಯ ಪತ್ತೇದಾರ ಸಾರ್ಜೆಂಟ್ ಕಫ್ ಹುಡುಕುವುದು ಬಣ್ಣದ ಕಲೆ ಬಿದ್ದ ಒಂದು ಬಟ್ಟೆ. ಅದಕ್ಕಾಗಿ ಮನೆಯ ಅಗಸರ ಲೆಕ್ಕದ ಪುಸ್ತಕ ಕೇಳುತ್ತಾನೆ. ವಜ್ರದ ಕಳ್ಳನನ್ನು ಹಿಡಿಯಲು ಅಗಸರ ಲೆಕ್ಕವೇ? ಇಂಥ ವಿಚಿತ್ರ ಕಂಡಲ್ಲಿ ನಿಲ್ಲಿ.

ಈಗ ಪುಸ್ತಕ ಬಂದ ವರ್ಷ ನೋಡಿ: 1868. ಅಲ್ಲಿಂದ ಹತ್ತು ವರ್ಷ ಹಿಂದಕ್ಕೆ ಲೇಖಕರ ದೇಶದ ಪತ್ರಿಕೆಗಳು ಬಾಯಿಬಡಿದುಕೊಂಡ ಕೇಸು ಯಾವುದು ಅಂತ ಹುಡುಕಿ. 1860ರ ಜೂನ್ ಕೊನೆಯಲ್ಲಿ, ಇಂಗ್ಲೆಂಡಿನ ರೋಡ್ ಎಂಬ ಹಳ್ಳಿಯ ದೊಡ್ಡ ಮನೆಯೊಂದರಲ್ಲಿ, ಇನ್ನೂ ನಾಲ್ಕು ತುಂಬದ ಸ್ಯಾವಿಲ್ ಕೆಂಟ್ ಎಂಬ ಮಗುವಿನ ಕೊಲೆಯಾಯಿತು. ಲಂಡನ್ ಪೊಲೀಸರ ಕೇಂದ್ರವಾದ ಸ್ಕಾಟ್‌ಲೆಂಡ್ ಯಾರ್ಡಿನಿಂದ ಪತ್ತೇದಾರ ಜೊನಾಥನ್ ವಿಚರ್ ಬಂದರು. ಮಗುವಿನ ಮಲಅಕ್ಕ, 16 ವರ್ಷದ ಕಾನ್‌ಸ್ಟನ್ಸ್ ಮೇಲೆ ಅವರಿಗೆ ಅನುಮಾನ. ಕಾರಣ? ಅವಳ ರಾತ್ರಿಯಂಗಿಗಳಲ್ಲಿ ಒಂದು ಕಾಣೆಯಾಗಿತ್ತು. ಅಗಸರ ಪಟ್ಟಿಯಲ್ಲಿ ಬರೆದಿತ್ತು, ಅಂಗಿ ಮಾತ್ರ ಇರಲಿಲ್ಲ.

ಸಿಕ್ಕಿತಲ್ಲ! ಇನ್ನು ಎರಡನ್ನೂ ಪಕ್ಕಪಕ್ಕ ಇಟ್ಟು, ಲೇಖಕ ಏನು ಬದಲಿಸಿದ್ದಾರೆ ಅಂತ ಬರೆದುಕೊಳ್ಳಿ. ರಕ್ತದ ಜಾಗದಲ್ಲಿ ಬಣ್ಣ, ಸತ್ತ ಮಗುವಿನ ಜಾಗದಲ್ಲಿ ಕಳುವಾದ ವಜ್ರ. ಕಫ್ ಕೂಡ ಮನೆಯ ಮಗಳನ್ನೇ ಅನುಮಾನಿಸುತ್ತಾನೆ, ಆದರೆ ಅವನ ಲೆಕ್ಕ ತಪ್ಪುತ್ತದೆ. ವಿಚರ್ ಲೆಕ್ಕ ಸರಿಯಾಗಿತ್ತು. ಕೂಲಿ ಮಾಡುವ ಮನೆತನದಿಂದ ಬಂದ ಪೊಲೀಸಿನವನು ದೊಡ್ಡ ಮನೆಯ ಹುಡುಗಿಯ ಮೇಲೆ ಕೈಯಿಟ್ಟನಲ್ಲ ಅಂತ ಜನ ಅವರನ್ನು ಹರಿದು ತಿಂದರು, ಹುಡುಗಿ ಬಿಡುಗಡೆಯಾದಳು. 1865ರಲ್ಲಿ ಅವಳೇ ತಪ್ಪೊಪ್ಪಿಕೊಂಡಳು. ಅಷ್ಟರಲ್ಲಿ ವಿಚರ್ ಕೆಲಸವನ್ನೇ ಬಿಟ್ಟಾಗಿತ್ತು. ನನಗೆ ಇವತ್ತಿಗೂ ಆ ಮನುಷ್ಯನ ಬಗ್ಗೆ ಸಂಕಟವಾಗುತ್ತದೆ.

ಹಳೆಯ ಪತ್ರಿಕೆಗಳಿಗೆ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ 'ಟ್ರೋವ್' ನೋಡಿ, ದುಡ್ಡು ಕೊಡಬೇಕಿಲ್ಲ. ಇಂಗ್ಲೆಂಡಿನ ದೊಡ್ಡ ಕೇಸುಗಳ ವರದಿ ಅಲ್ಲೂ ಅಚ್ಚಾಗುತ್ತಿತ್ತು. ಲಂಡನ್ನಿನ ಕೇಸಾದರೆ ಓಲ್ಡ್ ಬೈಲಿ ಕೋರ್ಟಿನ 1674ರಿಂದ 1913ರವರೆಗಿನ ದಾಖಲೆಗಳು ಆನ್‌ಲೈನ್‌ನಲ್ಲಿವೆ. ಮೈಸೂರಿನ ಕಡೆ ಇರುವವರು ಶ್ರೀರಂಗಪಟ್ಟಣಕ್ಕೇ ಹೋಗಿ, ಕೋಟೆ ಒಡೆದ ಜಾಗ ಮತ್ತು ಟಿಪ್ಪುವಿನ ಶವ ಸಿಕ್ಕ ಜಾಗದ ಕಲ್ಲು ನೋಡಿ ಬಂದು, ಪುಸ್ತಕದ ಆರಂಭದ ಶ್ರೀರಂಗಪಟ್ಟಣದ ಭಾಗ ಮತ್ತೆ ಓದಿ. ಬೇರೆಯೇ ಪುಸ್ತಕ ಅನಿಸುತ್ತದೆ.

ಒಂದು ಎಚ್ಚರ: ಬರೆಯುವ ಹೊತ್ತಿಗೆ ಲೇಖಕರಿಗೆ ಏನು ಗೊತ್ತಿತ್ತು ಅನ್ನುವುದನ್ನು ತಾರೀಖು ಹಿಡಿದು ಪರೀಕ್ಷಿಸಿ. ಕಾಲಿನ್ಸ್ ಬರೆದದ್ದು ತಪ್ಪೊಪ್ಪಿಗೆ ಆದಮೇಲೆ. ಅಗಾಥಾ ಕ್ರಿಸ್ಟಿಯ 'ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್' ಹಾಗಲ್ಲ. ಅದರ ಹಿಂದಿರುವುದು 1932ರಲ್ಲಿ ಅಮೆರಿಕದ ವಿಮಾನ ಹಾರಾಟಗಾರ ಲಿಂಡ್‌ಬರ್ಗ್ ಅವರ ಮಗುವಿನ ಅಪಹರಣ. ಪುಸ್ತಕ ಬಂದದ್ದು 1934ರ ಜನವರಿಯಲ್ಲಿ, ಆರೋಪಿ ಸಿಕ್ಕಿಬಿದ್ದದ್ದು ಅದೇ ವರ್ಷ ಸೆಪ್ಟೆಂಬರಿನಲ್ಲಿ. ಮುಂದಿನ ಅಭ್ಯಾಸಕ್ಕೆ ಇದನ್ನೇ ತೆಗೆದುಕೊಳ್ಳಿ, ಅನುಮಾನಕ್ಕೆ ಸಿಲುಕಿ ಪ್ರಾಣ ಕಳೆದುಕೊಂಡ ಮನೆಗೆಲಸದ ಹೆಣ್ಣುಮಗಳಿಂದ ಶುರು ಮಾಡಿ. ಅವಳು ಕಾದಂಬರಿಯಲ್ಲೂ ಇದ್ದಾಳೆ, ನಿಜ ಕೇಸಿನಲ್ಲೂ ಇದ್ದಾಳೆ.