ಹಸಿ ಮಾಂಸ ತಿನ್ನುವ ನಾಯಿಗೆ ಹೊಟ್ಟೆ ಕೆಟ್ಟಾಗ

ಹೊಟ್ಟೆ ಕೆಟ್ಟ ನಾಯಿಯನ್ನು ಕರೆತಂದವರನ್ನು ನಾನು ಮೊದಲು ಕೇಳುವುದು ಮಲ ಹೇಗಿತ್ತು ಎಂದು. ಅಸಹ್ಯ ಪಡಬೇಡಿ, ತಟ್ಟೆಯಲ್ಲಿ ಆದ ತಪ್ಪು ಅಲ್ಲೇ ಕಾಣುತ್ತದೆ. ಸುಣ್ಣದ ಉಂಡೆಯಂತೆ ಬೆಳ್ಳಗೆ, ಗಟ್ಟಿಯಾಗಿದ್ದು ನಾಯಿ ತಿಣುಕುತ್ತಿದ್ದರೆ ಮೂಳೆ ಹೆಚ್ಚಾಗಿದೆ. ಕೋಳಿಯ ಕತ್ತನ್ನೇ ದಿನವೂ ಹಾಕುವ ಮನೆಗಳಲ್ಲಿ ಇದು ಸಾಮಾನ್ಯ. ಜಿಡ್ಡುಜಿಡ್ಡಾಗಿ ಜಾರುತ್ತಿದ್ದರೆ ಚರ್ಮ, ಕೊಬ್ಬು ತೆಗೆಯದೆ ಹಾಕಿದ್ದೀರಿ.

ಇನ್ನು ಲಿವರ್. ಅಗ್ಗವಾಗಿ ಸಿಗುತ್ತದೆ, ನಾಯಿಗೂ ಬಲು ಇಷ್ಟ. ನಮ್ಮ ಮುಧೋಳ ನಾಯಿಗೆ ನಾನೂ ಪ್ರೀತಿಯಿಂದ ಒಮ್ಮೆ ಬಟ್ಟಲು ತುಂಬ ಕೊಟ್ಟು, ರಾತ್ರಿಯಿಡೀ ಅಂಗಳಕ್ಕೂ ಮನೆಗೂ ಅದರೊಂದಿಗೆ ಓಡಾಡಿದ್ದೇನೆ. ಅರ್ಧ ಕಿಲೋ ಊಟದಲ್ಲಿ 25 ಗ್ರಾಂ ಲಿವರ್, 50 ಗ್ರಾಂ ಮೂಳೆ ಎಂಬ ಲೆಕ್ಕ ಆ ಮೇಲೆ ನಮ್ಮ ಮನೆಯಲ್ಲಿ ತಪ್ಪಿಲ್ಲ. ತಿಂಗಳುಗಟ್ಟಲೆ ಲಿವರ್ ಹೆಚ್ಚಾದರೆ ವಿಟಮಿನ್ ಎ ದೇಹದಲ್ಲಿ ಉಳಿದು ಮೂಳೆ, ಕೀಲುಗಳಿಗೂ ತೊಂದರೆ. ಬೇಯಿಸಿದ ಮೂಳೆಯನ್ನಂತೂ ಎಂದೂ ಕೊಡಬೇಡಿ, ಅದು ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ.

ನಾಯಿ ಚುರುಕಾಗಿದ್ದು ಬರೀ ಭೇದಿಯಾಗಿದ್ದರೆ, ಬೆಳೆದ ನಾಯಿಗೆ ಹನ್ನೆರಡು ಗಂಟೆ ಊಟ ನಿಲ್ಲಿಸಿ. ನೀರು ಸದಾ ಎದುರಿಗಿರಲಿ. ಮರಿಗಳನ್ನು ಮಾತ್ರ ಉಪವಾಸ ಕೆಡವಬೇಡಿ. ಬಳಿಕ ಚರ್ಮ ತೆಗೆದ ಕೋಳಿಯನ್ನು ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿ, ಎರಡರಷ್ಟು ಮೆತ್ತನೆಯ ಅನ್ನದೊಡನೆ ಕಲಸಿ, ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಕೊಡಿ. ಬೇಯಿಸಿದ ಸಿಹಿಗುಂಬಳ ಒಂದೆರಡು ಚಮಚ ಸೇರಿಸಬಹುದು; ಮಲಬದ್ಧತೆಗೂ ಭೇದಿಗೂ ಅದು ಒಗ್ಗುತ್ತದೆ. ಎರಡು ಮೂರು ದಿನ ಮಲ ಸರಿಯಿದ್ದ ಮೇಲೆ ಹಸಿ ಮಾಂಸವನ್ನು ಕಾಲು ಭಾಗದಿಂದ ಶುರುಮಾಡಿ, ವಾರ ಹತ್ತು ದಿನದಲ್ಲಿ ಪೂರ್ತಿ ಮಾಡಿ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಹಳದಿ ಪಿತ್ತ ಕಾರುವ ನಾಯಿಗೆ ಮಲಗುವ ಮುನ್ನ ಒಂದು ತುತ್ತು ಕೊಟ್ಟು ನೋಡಿ.

ಫ್ರೀಜರಿನಲ್ಲಿಟ್ಟರೆ ಹಸಿ ಮಾಂಸದಲ್ಲಿರುವ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸಾಯುತ್ತದೆ ಎಂದು ನಂಬಬೇಡಿ. ಮಣೆ, ಚಾಕು ಬೇರೆಯಿರಲಿ, ಕೈಯನ್ನು ಸೋಪಿನಿಂದ ತೊಳೆಯಿರಿ. ಮನೆಯಲ್ಲಿ ಕೂಸುಗಳೋ ಮುದುಕರೋ ಇದ್ದರೆ ನಾಯಿಗೂ ಬೇಯಿಸಿದ್ದನ್ನೇ ಕೊಡಿ ಎನ್ನುತ್ತೇನೆ.

ಮಲದಲ್ಲಿ ರಕ್ತ, ಡಾಂಬರಿನಂತಹ ಕಪ್ಪು ಮಲ, ಮತ್ತೆ ಮತ್ತೆ ವಾಂತಿ, ಬಿಳಿಚಿದ ವಸಡು, ಎತ್ತಿ ಬಿಟ್ಟರೂ ಮಡಿಕೆಯಾಗಿಯೇ ನಿಲ್ಲುವ ಕತ್ತಿನ ಚರ್ಮ, ಏನೂ ಬಾರದ ಓಕರಿಕೆಯೊಡನೆ ಉಬ್ಬಿದ ಹೊಟ್ಟೆ, ಇವುಗಳಲ್ಲಿ ಯಾವುದನ್ನು ಕಂಡರೂ ಬೆಳಗಾಗುವವರೆಗೆ ಕಾಯಬೇಡಿ. ಲಸಿಕೆಯಾಗದ ಮರಿಗೆ ಭೇದಿಯೆಂದರೆ ಪಾರ್ವೊ ಎಂಬ ಮಾರಕ ವೈರಸ್ ರೋಗ ಇರಬಹುದು. ಮನುಷ್ಯರ ನೋವಿನ ಮಾತ್ರೆ, ಜ್ವರದ ಮಾತ್ರೆ ಬೇಡವೇ ಬೇಡ. ಪಶುವೈದ್ಯರ ಬಳಿ ಹೋಗುವಾಗ ಸ್ವಲ್ಪ ಮಲವನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಒಯ್ಯಿರಿ. ಹಿಂದಿನ ಎರಡು ದಿನದಲ್ಲಿ ನಾಯಿ ತಿಂದದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಮಕ್ಕಳು ಕದ್ದು ಕೊಟ್ಟ ಬಿಸ್ಕತ್ತನ್ನೂ ಸೇರಿಸಿ.