ಶಾಲೆಯಿಂದ ಬರುವ ಸರ್ವೆ ಪತ್ರವನ್ನು ಓದದೆ ಎಸೆಯಬೇಡಿ

ಕ್ಯಾಲಿಫೋರ್ನಿಯಾಗೆ ಬಂದ ಹೊಸದರಲ್ಲಿ ಮನೆ, ಕಾರು, ಲೈಸೆನ್ಸು ಅಂತ ಓಡಾಟವೇ ಜಾಸ್ತಿ. ಮಗುವಿನ ಬ್ಯಾಗಿನ ತಳದಲ್ಲಿ ಮುದುಡಿಕೊಂಡ ಪತ್ರ ಕಣ್ಣಿಗೇ ಬೀಳುವುದಿಲ್ಲ. ಅದರ ಮೇಲೆ ‘ಕ್ಯಾಲಿಫೋರ್ನಿಯಾ ಹೆಲ್ದಿ ಕಿಡ್ಸ್ ಸರ್ವೆ’ ಎಂದಿದ್ದರೆ ದಯವಿಟ್ಟು ಓದಿ. ಅದು ಲಸಿಕೆಯ ವಿಷಯವಲ್ಲ. ಶಾಲೆಯಲ್ಲಿ ಹೊಡೆದಾಟ, ಬೆದರಿಕೆ, ಕಳ್ಳತನ, ಗೇಲಿ ಇವುಗಳ ಬಗ್ಗೆ ಮಕ್ಕಳನ್ನೇ ಕೇಳುವ ಸರ್ವೆ. ಸಾಮಾನ್ಯವಾಗಿ 5, 7, 9, 11ನೇ ಕ್ಲಾಸಿನವರಿಗೆ ಕೊಡುತ್ತಾರೆ.

5ನೇ ಕ್ಲಾಸಿನ ಮಗುವಾದರೆ ನಿಮ್ಮ ಸಹಿ ಬೇಕು. 7ನೇ ಕ್ಲಾಸಿನಿಂದ ಮೇಲೆ ಸಾಮಾನ್ಯವಾಗಿ ಇದಕ್ಕೆ ಉಲ್ಟಾ: ‘ಬೇಡ’ ಎಂದು ನೀವು ತಿಳಿಸದಿದ್ದರೆ ಒಪ್ಪಿದಂತೆಯೇ ಲೆಕ್ಕ. ಪ್ರಶ್ನೆಗಳನ್ನು ಮೊದಲೇ ನೋಡಬೇಕೆಂದು ಕೇಳಬಹುದು. ಮಗುವಿನ ಹೆಸರು ಬರೆಸುವುದಿಲ್ಲ. ಉತ್ತರದಿಂದ ವೀಸಾಕ್ಕೆ ತೊಂದರೆಯಾಗುತ್ತದೆ ಎಂಬ ಭಯ ಬೇಡ.

ನನ್ನ ಮಗ ಏಳನೇ ಕ್ಲಾಸಿನಲ್ಲಿದ್ದಾಗ ಡಬ್ಬಿಯಲ್ಲಿ ಮೆಂತ್ಯದ ಚಪಾತಿ ಹಾಗೇ ವಾಪಸ್ ಬರುತ್ತಿತ್ತು. ಹಸಿವಿರಲಿಲ್ಲ ಅನ್ನುತ್ತಿದ್ದ. ಎಷ್ಟೋ ದಿನ ಆದಮೇಲೆ ಬಾಯಿಬಿಟ್ಟ: ಊಟದ ಮೇಜಿನಲ್ಲಿ ಅವನು ಮಾತಾಡುವ ರೀತಿಯನ್ನು ಇಬ್ಬರು ಅಣಕಿಸುತ್ತಿದ್ದರು. ಸರ್ವೆಯಲ್ಲಿ ಅದೇ ಪ್ರಶ್ನೆ ಇತ್ತು. ನಿನ್ನ ರೂಪಕ್ಕೋ ಮಾತಿನ ಧಾಟಿಗೋ ಕಳೆದ 12 ತಿಂಗಳಲ್ಲಿ ಎಷ್ಟು ಸಲ ಗೇಲಿ ಮಾಡಿದ್ದಾರೆ? ಅವನು ‘ಒಮ್ಮೆಯೂ ಇಲ್ಲ’ ಎಂದು ಗುರುತು ಹಾಕಿ ಬಂದಿದ್ದ. ಯಾಕೋ ಅಂದರೆ, "ಚಾಡಿ ಹೇಳಬಾರದು ಅಂತ ನೀನೇ ಹೇಳಿದ್ದೆ ಅಲ್ವಾ ಅಮ್ಮಾ?" ಅಂದ.

ಹಾಗಾಗಿ ಸರ್ವೆಯ ಹಿಂದಿನ ರಾತ್ರಿ ಮಗುವಿಗೆ ಇಷ್ಟು ಹೇಳಿ: ಇದು ಚಾಡಿಯಲ್ಲ, ಆದದ್ದನ್ನು ಆದಹಾಗೆ ಬರಿ, ಬೇಡವೆನಿಸಿದ ಪ್ರಶ್ನೆ ಬಿಡು. ಉತ್ತರ ಮಾತ್ರ ಹೇಳಿಕೊಡಬೇಡಿ.

ಇನ್ನೊಂದು ಮಾತು, ಇದನ್ನು ತುಂಬಾ ಮನೆಗಳಲ್ಲಿ ತಪ್ಪು ತಿಳಿದಿದ್ದಾರೆ. ಸರ್ವೆ ದೂರು ಅಲ್ಲ. ಹೆಸರೇ ಇಲ್ಲದ ಉತ್ತರ ನೋಡಿ ನಿಮ್ಮ ಮಗುವನ್ನು ಯಾರೂ ಕರೆದು ವಿಚಾರಿಸಲಾರರು. ಏನಾದರೂ ನಡೆದಿದ್ದರೆ ತಾರೀಖು, ಜಾಗ, ನಡೆದದ್ದು ಬರೆದು ಪ್ರಿನ್ಸಿಪಾಲರಿಗೆ ಇಮೇಲ್ ಮಾಡಿ. ಗೇಟಿನ ಹತ್ತಿರ ಸುಮ್ನೆ ಬಾಯಲ್ಲಿ ಹೇಳಿದರೆ ಸಾಲದು. ಪ್ರಿನ್ಸಿಪಾಲರನ್ನೇ ಕೇಳುವ ಕೇಂದ್ರ ಸರ್ಕಾರದ ಸರ್ವೆಯೂ ಇದೆ, ‘ಸ್ಕೂಲ್ ಸರ್ವೆ ಆನ್ ಕ್ರೈಮ್ ಅಂಡ್ ಸೇಫ್ಟಿ’, 1999-2000ರಲ್ಲಿ ಶುರುವಾದದ್ದು. ಎಷ್ಟು ಘಟನೆ ದಾಖಲಾಗಿವೆ, ಎಷ್ಟು ಪೊಲೀಸರಿಗೆ ತಿಳಿಸಿದ್ದೀರಿ ಎಂದು ಅದರಲ್ಲಿ ಕೇಳುತ್ತಾರೆ. ಶಾಲೆಗೇ ಗೊತ್ತಾಗದ ಘಟನೆ ಅಲ್ಲಿಗೆ ಹೋಗುವುದಾದರೂ ಹೇಗೆ? ಮಕ್ಕಳ ಲೆಕ್ಕಕ್ಕೂ ಶಾಲೆಯ ಲೆಕ್ಕಕ್ಕೂ ತಾಳೆಯಾಗದಿರಲು ಇದೂ ಒಂದು ಕಾರಣ. ಶಾಲೆ ದಾಖಲಿಸಿದ ಘಟನೆಗಳ ಅಂಕಿ ಜಾಸ್ತಿ ಇದ್ದಮಾತ್ರಕ್ಕೆ ಆ ಶಾಲೆ ಕೆಟ್ಟದ್ದು ಅಂದುಕೊಳ್ಳಬೇಡಿ. ಅಲ್ಲಿ ಎಲ್ಲವನ್ನೂ ಬರೆದಿಡುತ್ತಿರಬಹುದು.

ಅಪರೂಪಕ್ಕೆ ಸೆನ್ಸಸ್ ಬ್ಯೂರೋದವರು (ಜನಗಣತಿ ಮಾಡುವ ಸರ್ಕಾರಿ ಇಲಾಖೆ) ಮನೆಗೇ ಬಂದು 12ರಿಂದ 18 ವರ್ಷದ ಮಕ್ಕಳನ್ನು ಶಾಲೆಯ ಬಗ್ಗೆ ಕೇಳಬಹುದು. ಮೊದಲು ಗುರುತಿನ ಚೀಟಿ ನೋಡಿ. ಉತ್ತರಿಸುವುದು ಬಿಡುವುದು ನಿಮ್ಮಿಷ್ಟ.

ಇಲ್ಲಿನ ಸರ್ಕಾರಿ ಶಾಲೆಗಳು ತಮ್ಮ ಸುರಕ್ಷತಾ ಯೋಜನೆಯನ್ನು ಪ್ರತಿವರ್ಷ ಮಾರ್ಚ್ 1ರೊಳಗೆ ಪರಿಷ್ಕರಿಸಬೇಕು. ಅದನ್ನು ತಯಾರಿಸುವ ಶಾಲೆಯ ಸಮಿತಿ, ಅಂದರೆ ಸ್ಕೂಲ್ ಸೈಟ್ ಕೌನ್ಸಿಲ್‌ನಲ್ಲಿ ಅಪ್ಪ-ಅಮ್ಮಂದಿರಿಗೂ ಜಾಗವಿದೆ. ಜನವರಿಯಲ್ಲೇ ಆಫೀಸಿಗೆ ಹೋಗಿ ಸಭೆಯ ದಿನ ಕೇಳಿಕೊಳ್ಳಿ. ಇಂಗ್ಲಿಷ್ ಕಷ್ಟವಾದರೆ ದುಭಾಷಿ ಬೇಕೆಂದು ಅಲ್ಲೇ ಹೇಳಿ.