ಸ್ಮಾರ್ಟ್ ಬೋರ್ಡ್ ಎಟುಕದ ಪುಟಾಣಿಗಳಿಗೆ ಕಾಲುಚೀಲದ ಪೆನ್ನು

ಒಂದು, ಎರಡನೇ ತರಗತಿಯ ಮಕ್ಕಳಿಗೆ ಸ್ಮಾರ್ಟ್ ಬೋರ್ಡಿನ ಮೇಲ್ಭಾಗ ಎಟುಕದಿದ್ದರೆ ಕುರ್ಚಿ ಹತ್ತಿಸಬೇಡಿ. ಒಂದೂವರೆ ಅಡಿಯ ಹಗುರ ಕೋಲಿನ ತುದಿಗೆ ಹಳೇ ಕಾಲುಚೀಲದ ತುಂಡನ್ನು ಗೋಲಿ ಗಾತ್ರಕ್ಕೆ ಬಿಗಿಯಾಗಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಕೈಗೆ ಕೊಡಿ. ಅದೇ ಪೆನ್ನು. ಇನ್‌ಫ್ರಾರೆಡ್ ಬಗೆಯ ಸ್ಮಾರ್ಟ್ ಬೋರ್ಡಿನ ಚೌಕಟ್ಟಿನಿಂದ ಕಣ್ಣಿಗೆ ಕಾಣದ ಕಿರಣಗಳು ಜಾಲರಿಯಂತೆ ಹಾಯುತ್ತಿರುತ್ತವೆ. ಅಡ್ಡ ಬಂದದ್ದು ಬೆರಳೋ ಬದನೆಕಾಯಿಯೋ, ಅದಕ್ಕೆ ಎರಡೂ ಒಂದೇ. ಕೋಲು ಹಿಡಿದ ಮಗು ಅಂಗೈ ಊರುವುದೂ ಇಲ್ಲ, ಹಾಗಾಗಿ ಬಳೆ, ತೋಳಿನ ಅಂಚು ತಾಗಿ ಮೂಡುವ ಬೇಡದ ಗೀಟುಗಳ ಕಾಟ ತಪ್ಪುತ್ತದೆ (ನನಗಂತೂ ಇದೇ ದೊಡ್ಡ ಲಾಭ). ಒಂದು ಅಭ್ಯಾಸ ಮಾತ್ರ ಮಾಡಿಸಬೇಕು: ಕಿರಣಗಳು ಗಾಜಿಗಿಂತ ತುಸು ಮೇಲೆ ಹಾಯುವುದರಿಂದ ಕೋಲನ್ನು ಪೂರ್ತಿ ಒಂದು ಅಂಗುಲ ಎತ್ತಿಯೇ ಮುಂದಿನ ಗೆರೆ ಎಳೆಯಲಿ. ಇಲ್ಲದಿದ್ದರೆ 'ಅಕ್ಕ' ಬರೆಯುವಾಗ ಮೇಲಿನ ಕ, ಕೆಳಗಿನ ಒತ್ತು ಎರಡಕ್ಕೂ ಬಾಲ ಬೆಳೆದು ಅಂಟಿಕೊಳ್ಳುತ್ತವೆ. ಮೊಬೈಲಿನಂತೆ ಬೆರಳಿನಂಥ, ವಿದ್ಯುತ್ ಹರಿಯಬಲ್ಲ ವಸ್ತುವಿನ ಸ್ಪರ್ಶವನ್ನೇ ಗುರುತಿಸುವ ಕೆಪಾಸಿಟಿವ್ ಪರದೆಗಳಲ್ಲಿ, ತಮ್ಮದೇ ಪೆನ್ನು ಬೇಡುವ ಬೋರ್ಡುಗಳಲ್ಲಿ ಇದು ನಡೆಯದು. ಪೆನ್ಸಿಲಿನ ಹಿಂಬದಿಯ ಮರದ ತುದಿಯಿಂದ ಮೊದಲು ಒಂದು ಗೀಟು ಎಳೆದು ನೋಡಿ, ಮೂಡಿದರೆ ಕೋಲೂ ನಡೆಯುತ್ತದೆ. ಬೋರ್ಡಿನ ಮೇಲೆ ನೇರ ಬಿಸಿಲು ಬೀಳುತ್ತಿದ್ದರೆ ಅಥವಾ ಚೌಕಟ್ಟಿನ ಒಳಂಚಿನಲ್ಲಿ ಸೀಮೆಸುಣ್ಣದ ಪುಡಿ ಕೂತಿದ್ದರೆ ಗೆರೆ ತುಂಡಾಗುತ್ತದೆ. ಕಿಟಕಿ ಮುಚ್ಚಿ, ಒಣ ಬಟ್ಟೆಯಲ್ಲಿ ಅಂಚು ಒರೆಸಿ.